ಹೆಸರಿನ ತುದಿಯ ಅವ್ವ

ಹಾಜರಿಯಲ್ಲಿ ‘ನಿಂಗವ್ವ’ ಎಂದರೆ ಸಾಕು, ಹಿಂದಿನ ಬೆಂಚಿನಿಂದ ನಗು. ಅದಕ್ಕೇ ಹುಬ್ಬಳ್ಳಿಯ ಕಾಲೇಜಿನಲ್ಲಿ ಗೆಳತಿಯರಿಗೆ ನಾನು ‘ನೀತು’ ಆದೆ.

ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವಾಗ ಹೆಸರು ಹುಡುಕುವ ಕೆಲಸ ನನಗೆ ಬಂತು. ಮೊಬೈಲ್ ಬದಿಗಿಟ್ಟು ಅಜ್ಜಿಯನ್ನು ಕೇಳಿದೆ. ಅವಳ ಓಣಿಯ ಹೆಸರುಗಳೆಲ್ಲ ‘ವ್ವ’ದಲ್ಲೇ ಮುಗಿಯುತ್ತಿದ್ದವು. ಪಾರ್ವತಿ ಪಾರವ್ವ, ಗೌರಿ ಗೌರವ್ವ. ಕೂಡಲಸಂಗಮದ ಸಂಗಮನಾಥನಿಂದ ಸಂಗವ್ವ. ಸಂಸ್ಕೃತದ ವೃಷಭ ಕನ್ನಡದಲ್ಲಿ ಬಸವನಾಗಿ ಬಸವ್ವ. ಲಿಂಗ ಜನರ ಬಾಯಲ್ಲಿ ನಿಂಗವಾಗಿ, ನಾನು! ಅವ್ವ ಎಂದರೆ ತಾಯಿ. ‘ನಿನ್ನೆ ಹುಟ್ಟಿದ ಕೂಸಿಗೂ ನಾವು ಅವ್ವ ಅಂತೇವಿ’ ಎಂದಳು ಅಜ್ಜಿ.

ಕೊಪ್ಪಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ನೆನಪಾದರು. 2025ರ ಪದ್ಮಶ್ರೀ ಪಟ್ಟಿಯಲ್ಲಿ ಆ ಹೆಸರು ಪೂರ್ತಿಯಾಗಿಯೇ ಇತ್ತು, ಯಾರೂ ಮೊಟಕು ಮಾಡಿರಲಿಲ್ಲ.

ವೈನಿ ‘ಗೌರಿ’ ಸಾಕು ಎಂದರು. ಸೋದರತ್ತೆಯಾದ ನಾನು ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು, ಮೆಲ್ಲಗೆ ‘ಗೌರವ್ವ’ ಎಂದೆ. ಪದ್ಧತಿಯಂತೆ ಬೆನ್ನಿಗೆ ಗುದ್ದೂ ಬಿತ್ತು.

ಮೊನ್ನೆ ಸಂದರ್ಶನದಲ್ಲಿ ‘ಏನೆಂದು ಕರೆಯಲಿ?’ ಎಂದು ಕೇಳಿದರು. ಪೂರ್ತಿ ಹೆಸರೇ ಹೇಳಿದೆ. ನೌಕರಿಯ ಫಲಿತಾಂಶ ಇನ್ನೂ ಬಂದಿಲ್ಲ.