ನಾಯಿಯ ಎಚ್ಚರ

ಕನಕಪುರದಿಂದ ದಕ್ಷಿಣಕ್ಕೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕಡೆಗೆ ಹೋಗಿಬಂದವರಿಗೆ ಉಯ್ಯಂಬಳ್ಳಿಯ ಹೆಸರು ಪರಿಚಿತವಾಗಿರಬಹುದು. ಆ ಸೀಮೆಯ ಹೊಲಗಳಲ್ಲಿ ಎಷ್ಟೋ ಹೊಲಗಳು ಕಾಡಿನ ಅಂಚಿಗೇ ತಗುಲಿಕೊಂಡಿವೆ. ಅಲ್ಲಿಂದ ಮುಂದಿನ ಅರಣ್ಯವು 1987ರಲ್ಲಿ ಕಾವೇರಿ ವನ್ಯಧಾಮವೆಂದು ಗೊತ್ತಾಯಿತು. ರಾಗಿಯ ತೆನೆ ಬಲಿಯುವ ಹೊತ್ತಿಗೆ ಆನೆಗಳು ಇಳಿದು ಬರುತ್ತವೆ, ಹಂದಿಗಳಿಗಂತೂ ಕಾಲವೆಂಬುದಿಲ್ಲ, ಗುಡ್ಡದ ಬಂಡೆಗಳ ಸಂದಿನಲ್ಲಿ ಚಿರತೆ ಇರುತ್ತದೆ. ಇಂಥ ಕಡೆ ಬೇಸಾಯ ಮಾಡತಕ್ಕವನಿಗೆ ನಾಯಿಯು ವಿನೋದಕ್ಕೆ ಸಾಕಿದ ಪ್ರಾಣಿಯಲ್ಲ; ನೇಗಿಲು, ನೊಗಗಳಂತೆ ಅದೂ ಒಂದು ಬೇಸಾಯದ ಸಾಧನ.

ನನ್ನ ಸೋದರಮಾವನವರ ಹೊಲ ಅಲ್ಲಿದೆ. ಕೆಲವು ವರ್ಷಗಳ ಹಿಂದೆ, ಮಾರ್ಗಶಿರದ ಒಂದು ರಾತ್ರಿ, ಅವರೊಡನೆ ಅಟ್ಟಣೆಯ ಮೇಲೆ ಕಾವಲಿಗೆ ಮಲಗಿದ್ದೆ. ಕರಿಯನೆಂಬ ನಾಡುನಾಯಿ ಕೆಳಗೆ ಬೊಗಳುತ್ತ ಸುತ್ತುತ್ತಿತ್ತು. ನಡುರಾತ್ರಿ ಕಳೆದ ಮೇಲೆ ನಾನು ಕೆಳಗಿಳಿಯಬೇಕೆಂದು ಏಣಿಗೆ ಕಾಲಿಟ್ಟೆ. ಮಾವ ನನ್ನ ತೋಳನ್ನು ಹಿಡಿದು, "ಇಳೀಬೇಡ ಕಣಪ್ಪ. ಕರಿಯ ಬೊಗಳೋದು ನಿಲ್ಲಿಸ್ದ, ನೋಡು" ಎಂದರು. ನಾಯಿಯು ಸದ್ದಿಲ್ಲದೆ ಅಟ್ಟಣೆಯ ಕಂಬಕ್ಕೆ ಬೆನ್ನುಕೊಟ್ಟು, ಬಾಲವನ್ನು ಕಾಲಸಂದಿಗೆ ಸೇರಿಸಿ, ಗುಡ್ಡದ ಕಡೆಗೆ ಮುಖಮಾಡಿ ನಿಂತಿತ್ತು. ಬೆಳಗ್ಗೆ ಬದುವಿನ ಹಸಿಮಣ್ಣಿನಲ್ಲಿ ಚಿರತೆಯ ಹೆಜ್ಜೆಗಳು ಮೂಡಿದ್ದವು. ಏಣಿಯಿಂದ ಎಣಿಸಿದರೆ ಮೂವತ್ತು ಮಾರಿಗಿಂತ ಹೆಚ್ಚಿರಲಿಲ್ಲ.

ಈ ಅರಿವು ಎಲ್ಲಿಂದ ಬಂದಿತು? ಆರನೆಯ ಇಂದ್ರಿಯವೆಂದು ಹೇಳಿಬಿಡುವುದು ಸುಲಭ. ಆದರೆ ನಾಯಿಗೆ ಅದರ ಅವಶ್ಯಕತೆಯೇ ಇಲ್ಲ. ಗಂಧವನ್ನು ಗ್ರಹಿಸುವ ಕಣಗಳು ಮನುಷ್ಯನ ಮೂಗಿನಲ್ಲಿ ಸುಮಾರು 60 ಲಕ್ಷವಿದ್ದರೆ, ನಾಯಿಯ ಮೂಗಿನಲ್ಲಿ 20ರಿಂದ 30 ಕೋಟಿಯವರೆಗೆ ಇರುತ್ತವೆಂದು ಅಂದಾಜು. ಅದರ ಹೊಳ್ಳೆಗಳ ಪಕ್ಕದಲ್ಲಿ ಸೀಳಿದಂತಿರುವ ಸಂದುಗಳನ್ನು ನೋಡಿರಬಹುದು. ಬಿಟ್ಟ ಉಸಿರು ಆ ಸಂದುಗಳಿಂದ ಹಿಂದಕ್ಕೂ ಪಕ್ಕಕ್ಕೂ ಹೊರಟುಹೋಗುವುದರಿಂದ, ಮುಂದಿನಿಂದ ಬರುವ ಹೊಸ ಗಂಧ ಅದರೊಡನೆ ಕಲಸಿಹೋಗುವುದಿಲ್ಲ. ಇದರ ಜೊತೆಗೆ ಆ ಸ್ಥಳದ ಗಾಳಿಯ ಸಹಾಯವೊಂದುಂಟು. ಬಯಲಾದ ಆಕಾಶದ ರಾತ್ರಿಗಳಲ್ಲಿ ಗುಡ್ಡದ ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ಹೊಲಕ್ಕೆ ಬರುತ್ತದೆ. ಗುಡ್ಡದಿಂದಿಳಿಯುವ ಮೃಗಕ್ಕಿಂತ ಮುಂಚೆ ಅದರ ವಾಸನೆ ಇಳಿದು ಬಂದಿರುತ್ತದೆ. ಗಾಳಿ ತಿರುಗಿದರೆ ಮಾತ್ರ ಅದೇ ನಾಯಿಯು ಕುರುಡನಂತಾಗಿಬಿಡುವುದುಂಟು.

ಇನ್ನು ಕಿವಿ. ಮನುಷ್ಯನು ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲನು. ನಾಯಿ ಸುಮಾರು 45,000ದವರೆಗೆ ಕೇಳುತ್ತದೆ. ಬೆಕ್ಕು ಅದನ್ನೂ ಮೀರುತ್ತದೆ. ಒಣಗಿದ ಎಲೆಯ ಮೇಲೆ ಹಾವು ಸರಿಯುವ ಸದ್ದು ನಮಗಿಂತ ಮುಂಚೆ ಬೆಕ್ಕಿಗೆ ತಿಳಿಯುವುದು ಸಹಜವೇ. ಆದರೆ ಇಲ್ಲಿ ವಿನೋದವಾದ ಸಂಗತಿಯೊಂದಿದೆ. ಆನೆಗಳು ದೂರದಿಂದ ತಮ್ಮತಮ್ಮಲ್ಲಿ ನಡೆಸುವ ಸಂಭಾಷಣೆಯ ಬಹುಭಾಗ ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿನ ಸ್ವರದಲ್ಲಿರುತ್ತದೆ. ನಾಯಿ ಇದನ್ನೂ ಕೇಳಿ ಎಚ್ಚರಿಸುತ್ತದೆಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ತಗ್ಗಿನ ಸ್ವರದ ಮಟ್ಟಿಗೆ ನಾಯಿಯ ಕಿವಿಯು ನಮ್ಮದಕ್ಕಿಂತ ಮಂದ. ಸೆಕೆಂಡಿಗೆ 67 ಕಂಪನಗಳಿಗಿಂತ ಕೆಳಗಿನದು ಅದಕ್ಕೆ ಕೇಳಿಸದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ನಮಗಾದರೋ 20ರವರೆಗೆ ಕೇಳಿಸುತ್ತದೆ. ಆದ್ದರಿಂದ ಆನೆಯ ಸುದ್ದಿಯನ್ನು ನಾಯಿಗೆ ಕೊಡತಕ್ಕದ್ದು ಅದರ ವಾಸನೆ, ಮುರಿಯುವ ಬಿದಿರಿನ ಸದ್ದು. ಕೊಟ್ಟಿಗೆಯ ಹಸುವಿನ ಕಿವಿಯು ಈ ವಿಷಯದಲ್ಲಿ ನಾಯಿಗಿಂತ ಮೇಲು. 23 ಕಂಪನಗಳವರೆಗೂ ಅದು ಇಳಿಯಬಲ್ಲದು. ರಾತ್ರಿ ಹಸುಗಳೆಲ್ಲ ಒಮ್ಮೆಗೇ ಮೇವು ನಿಲ್ಲಿಸಿ ಕಿವಿ ನಿಮಿರಿಸಿದರೆ ಮಾವನವರು ಎದ್ದು ಕೂರುತ್ತಾರೆ.

ಭೂಕಂಪವನ್ನು ಪ್ರಾಣಿಗಳು ದಿನಗಟ್ಟಲೆ ಮುಂಚೆ ತಿಳಿಯುತ್ತವೆಂಬ ಪ್ರತೀತಿಯನ್ನು ಇಲ್ಲಿ ಹೆಚ್ಚಾಗಿ ಬೆಳೆಸುವುದಿಲ್ಲ. ಭೂಮಿಯೊಳಗಿನಿಂದ ಮೊದಲು ಬರುವ ಅಲೆ ಮೃದುವಾದದ್ದು, ವೇಗವಾದದ್ದು. ಕಟ್ಟಡಗಳನ್ನು ಕೆಡಹುವ ಅಲೆ ಅದರ ಹಿಂದೆ ಬರುತ್ತದೆ. ಮೊದಲನೆಯದನ್ನು ನಾಯಿ ಗುರುತಿಸಿದರೆ ಕೆಲವು ಸೆಕೆಂಡುಗಳ ಮುನ್ಸೂಚನೆ ದೊರೆತಂತಾಯಿತು. ದಿನಗಳ ಮಾತು ಸ್ಥಿರಪಟ್ಟಿಲ್ಲ.

ಅರಿಯುವುದು ಒಂದು, ಅರಿತದ್ದನ್ನು ನಮಗೆ ಮುಟ್ಟಿಸುವುದು ಇನ್ನೊಂದು. ಮಾವನವರ ಪ್ರಕಾರ ಕರಿಯನಿಗೆ ಹಂದಿಗೆ ಒಂದು ಬೊಗಳು, ಆನೆಗೆ ದೂರ ನಿಂತು ಬೊಗಳುವ ಬೇರೊಂದು ಬೊಗಳು, ದಾರಿಹೋಕನಿಗೆ ಮತ್ತೊಂದು, ಚಿರತೆಗೆ ಮೌನ. ಇದನ್ನು ಕೇಳಿದಾಗ ನಾನು ಒಳಗೊಳಗೇ ನಕ್ಕಿದ್ದೆ. ಅನಂತರ ಓದಿದಾಗ ತಿಳಿದುಬಂದದ್ದೇನೆಂದರೆ, ಬುಡಾಪೆಸ್ಟಿನ ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬೇರೆ ಬೇರೆ ಸಂದರ್ಭಗಳಲ್ಲಿ ನಾಯಿಗಳು ಬೊಗಳಿದ್ದನ್ನು ಮುದ್ರಿಸಿಕೊಂಡು ಜನರಿಗೆ ಕೇಳಿಸಿದ್ದರು. ಅಪರಿಚಿತನನ್ನು ಕಂಡಾಗಿನದು ಯಾವುದು, ಒಂಟಿಯಾಗಿ ಕಟ್ಟಿಹಾಕಿದಾಗಿನದು ಯಾವುದು ಎಂಬುದನ್ನು, ಕೇವಲ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಹೆಚ್ಚಾಗಿ ಅವರು ಸರಿಯಾಗಿ ಹೇಳಿದರು. ನಾಯಿಯನ್ನೇ ಸಾಕದವರು ಕೂಡ! ನನ್ನ ನಗೆಯನ್ನು ಹಿಂತೆಗೆದುಕೊಂಡೆ.

ಈ ವರ್ತಮಾನ ಎರಡು ಕಡೆಗೂ ಹರಿಯುತ್ತದೆ. ಇಟಲಿಯ ನೇಪಲ್ಸ್ ನಗರದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಭಯದ ಚಿತ್ರವನ್ನು ನೋಡಿ ಬೆವರಿದವರ ಬೆವರನ್ನು ನಾಯಿಗಳಿಗೆ ಮೂಸಿಸಿದರು. ಅವುಗಳ ಹೃದಯದ ಬಡಿತ ಹೆಚ್ಚಿತು. ಅಪರಿಚಿತರನ್ನು ಬಿಟ್ಟು ಒಡೆಯನ ಬಳಿಗೆ ಸರಿದವು. ಕತ್ತಲಲ್ಲಿ ನಾನು ಹೆದರಿದರೆ ಕರಿಯನಿಗೆ ತಿಳಿಯುತ್ತದೆ. ಅವನು ಹೆದರಿದ್ದು ನನಗೆ ತಿಳಿಯಬೇಕಾದರೆ ಮಾವನವರು ಪಕ್ಕದಲ್ಲಿರಬೇಕು.

ಹಾಗಾದರೆ ಅವು ನಿಜವಾಗಿ ನಮ್ಮನ್ನು ಕಾಪಾಡಬೇಕೆಂದು ಬಯಸುತ್ತವೆಯೆ? ಇಲ್ಲಿ ವಿಷಯ ಸ್ವಲ್ಪ ತೊಡಕು. ಕೆನಡಾ ದೇಶದಲ್ಲಿ 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಒಡೆಯನು ಹೃದಯಾಘಾತವಾದವನಂತೆ ಬಯಲಿನಲ್ಲಿ ಬಿದ್ದುಕೊಂಡನು. ಹತ್ತಿರದಲ್ಲೇ ಇದ್ದ ಇನ್ನೊಬ್ಬರನ್ನು ಕರೆತರುವ ಯತ್ನವನ್ನು ನಾಯಿಗಳು ಮಾಡಲಿಲ್ಲ. ನಾಯಿಯನ್ನು ಪ್ರೀತಿಸುವವರಿಗೆ ಇದರಿಂದ ಮನಸ್ಸಿಗೆ ಕಸಿವಿಸಿಯಾದೀತು. ಆದರೆ ಹದಿನಾಲ್ಕು ವರ್ಷಗಳ ಮೇಲೆ, 2020ರಲ್ಲಿ, ಅಮೆರಿಕದ ಅರಿಜೋನಾದವರು ಪ್ರಶ್ನೆಯನ್ನೇ ಬದಲಿಸಿದರು. ಒಡೆಯನು ಒಂದು ಪೆಟ್ಟಿಗೆಯೊಳಗೆ ಸಿಕ್ಕಿಕೊಂಡು ಆರ್ತನಾಗಿ ಕೂಗಿದಾಗ, 60 ನಾಯಿಗಳಲ್ಲಿ 20 ಮಾತ್ರ ಪೆಟ್ಟಿಗೆಯನ್ನು ತೆರೆದವು. ಕಡಮೆಯಾಯಿತಲ್ಲವೆ? ಅದೇ ಪೆಟ್ಟಿಗೆಯಲ್ಲಿ ತಿಂಡಿಯನ್ನಿಟ್ಟಾಗ ತೆರೆದವು 19! ಮಿಕ್ಕವಕ್ಕೆ ಮನಸ್ಸಿಲ್ಲವೆಂದಲ್ಲ, ತೆರೆಯುವ ಬಗೆ ತಿಳಿಯದು. ತಿಂಡಿಗಾಗಿ ತೆರೆಯಬಲ್ಲ 19ರಲ್ಲಿ 16 ನಾಯಿಗಳು ಒಡೆಯನಿಗಾಗಿಯೂ ತೆರೆದವು. ತೆರೆಯಲಾರದವು ಕೂಡ, ಒಡೆಯನು ಕೂಗುತ್ತಿದ್ದಷ್ಟು ಹೊತ್ತೂ ಕುಂಯ್‌ಗುಟ್ಟುತ್ತ ತಳಮಳಿಸುತ್ತಿದ್ದವಂತೆ. ಬಯಕೆ ಉಂಟು, ಉಪಾಯವಿಲ್ಲ. ಮನುಷ್ಯರಲ್ಲಿಯೂ ಇಂಥವರು ಅಪರೂಪವಲ್ಲ.

ನಮ್ಮ ನಾಡಿನವರು ಈ ಲೆಕ್ಕಾಚಾರಗಳಿಗೆ ಕಾಯಲಿಲ್ಲ. ನೆರೆಯ ಮದ್ದೂರಿನ ಸೀಮೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಒಂದು ಶಾಸನವಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಮೇಲೆ, ಗಂಗ ಬೂತುಗನ ಸೇವಕನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು, ಬೇಕಾದುದನ್ನು ಕೇಳೆಂದನು. ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಬೆಳತೂರಿನ ಪಡುವಣ ಮೊರಡಿಯಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಗುಲಲೆಂದು ಕಟ್ಟಳೆಯನ್ನೂ ಬರೆಯಿಸಿದನು. ಕಾಳಿ ತಾನಾಗಿ ಒಡೆಯನನ್ನು ಕಾಯಲು ಹೋದದ್ದಲ್ಲ, ಬೇಟೆಗೆ ಬಿಟ್ಟಾಗ ಸತ್ತದ್ದು ಎಂದು ಯಾರಾದರೂ ಆಕ್ಷೇಪಿಸಬಹುದು, ಒಪ್ಪತಕ್ಕ ಮಾತೇ. ಆದರೂ ಕಲ್ಲು ನಿಂತಿತು. ಚನ್ನಪಟ್ಟಣದ ಬಳಿಯ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಊರ ದೇವತೆ ಕೆಂಪಮ್ಮನ ಗುಡಿಯ ಜೊತೆಗೆ ಎರಡು ನಾಯಿಗಳಿಗೂ ಗುಡಿಯಾದದ್ದು ಈ ಶತಮಾನದಲ್ಲಿಯೇ.

ಕರಿಯನ ಕಥೆ ಅಟ್ಟಣೆಯ ರಾತ್ರಿಗೆ ಮುಗಿಯಲಿಲ್ಲ. ಮರುವರ್ಷ ನಾನು ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಹೊತ್ತುಕೊಂಡು, ನಿಶ್ಶಬ್ದವಾಗಿರುತ್ತದೆಂದು ಉಯ್ಯಂಬಳ್ಳಿಗೆ ಹೋಗಿದ್ದೆ. ಕರಿಯನು ಎರಡು ರಾತ್ರಿ ನನ್ನ ಕಿಟಕಿಯ ಕೆಳಗೆ ನಿಂತು ಬೊಗಳಿದನು. ಮೂರನೆಯ ಸಂಜೆ, "ಇವನನ್ನು ಹಿತ್ತಲಲ್ಲಿ ಕಟ್ಟಿಹಾಕಿ, ಮಾವ. ನಿದ್ದೆಯೇ ಇಲ್ಲ" ಎಂದೆ. ಮಾವನವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಬಂದ ನೆಂಟನ ಮಾತನ್ನು ತೆಗೆದುಹಾಕುವ ಸ್ವಭಾವ ಅವರದಲ್ಲ, ಸರಪಳಿ ಹಾಕಿದರು. ಆ ರಾತ್ರಿ ಕರಿಯ ಸ್ವಲ್ಪ ಹೊತ್ತು ಬೊಗಳಿ, ಆಮೇಲೆ ಸುಮ್ಮನಾದನು. ಆ ಮೌನದ ಅರ್ಥ ನನಗೆ ತಿಳಿದಿರಬೇಕಾಗಿತ್ತು. ಸದ್ಯ ನಿಶ್ಶಬ್ದವಾಯಿತೆಂದು ನಾನು ಹೊದಿಕೆಯನ್ನೆಳೆದುಕೊಂಡೆ. ಬೆಳಗ್ಗೆ ಸರಪಳಿಯೂ ಕೊರಳಪಟ್ಟಿಯೂ ಉಳಿದಿದ್ದವು.

ಮಹಾರಾಷ್ಟ್ರದ ಅಕೋಲೆಯ ಸುತ್ತಿನ ಹೊಲಗಳಲ್ಲಿರುವ ಚಿರತೆಗಳ ಆಹಾರವನ್ನು ಪರಿಶೀಲಿಸಿದವರು, ತೂಕದ ಲೆಕ್ಕದಲ್ಲಿ ಅದರ 39 ಪಾಲು, ನೂರಕ್ಕೆ, ನಾಯಿಗಳೇ ಎಂದು ಕಂಡುಕೊಂಡಿದ್ದಾರೆ. ಯಾವ ಮೃಗದ ಸುಳಿವನ್ನು ನಾಯಿ ನಮಗೆ ಕೊಡುತ್ತದೆಯೋ ಆ ಮೃಗಕ್ಕೆ ನಾಯಿಯೇ ಊಟ. ಬಿಟ್ಟಿದ್ದರೆ ಅದಕ್ಕೆ ಅಟ್ಟಣೆಯ ಕಂಬವುಂಟು, ಕೊಟ್ಟಿಗೆಯ ಮೂಲೆಯುಂಟು. ಕಟ್ಟಿದರೆ ಅರಿವು ಮಾತ್ರ ಉಳಿಯುತ್ತದೆ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿಯನ್ನು ತೊಡಿಸುತ್ತಾರೆ, ಏಕೆಂದರೆ ಚಿರತೆ ಹಿಡಿಯುವುದು ಕೊರಳನ್ನೇ. ಪಟ್ಟಣದಲ್ಲಿ ನಾಯಿಯನ್ನು ಹಗಲಿರುಳು ಗೇಟಿಗೆ ಕಟ್ಟಿ, ಅದು ಬೊಗಳಿದರೆ ಗದರಿಸತಕ್ಕ ನಮ್ಮಂಥವರಿಗೆ ಇದೆಲ್ಲ ದೂರದ ಮಾತೆಂದು ತೋರಬಹುದು. ನನಗೂ ಹಾಗೆಯೇ ತೋರಿತ್ತು.

ಮಾವನವರು ನನ್ನನ್ನು ಏನೂ ಅನ್ನಲಿಲ್ಲ. ಆ ವರ್ಷವೇ ಎರಡು ಮರಿಗಳನ್ನು ತಂದರು. ಕೊಟ್ಟಿಗೆಗೆ ತಂತಿಯ ಬಲೆಯನ್ನು ಹೊಡೆಸಿ, ರಾತ್ರಿ ಅವನ್ನು ದನಗಳ ಜೊತೆಗೆ ಒಳಗೆ ಬಿಡುತ್ತಾರೆ. ವಾಸನೆಗೂ ಸದ್ದಿಗೂ ಬಲೆ ಅಡ್ಡಿಯಲ್ಲ. ಸರಪಳಿ ಮಾತ್ರ ಹಿತ್ತಲಿನ ಗೂಟದಲ್ಲಿ ತುಕ್ಕು ಹಿಡಿದು ಹಾಗೆಯೇ ಇದೆ. ಅದನ್ನು ತೆಗೆದುಹಾಕಿರೆಂದು ಹೇಳುವುದಕ್ಕೆ ನನಗೆ ಬಾಯಿಲ್ಲ.