ಹಳೆಯ ಲಾರಿಯ ಕ್ಯಾಬಿನ್ನು: ಕಾವು ಮತ್ತು ಸದ್ದು

ವೈಶಾಖದ ನಡುಹಗಲಿನಲ್ಲಿ ಕಲಬುರಗಿಯಿಂದ ಹೊರಟು, ಭೀಮಾ ನದಿಯನ್ನು ದಾಟಿ, ಜೇವರ್ಗಿಯ ಮಾರ್ಗವಾಗಿ ವಿಜಯಪುರದತ್ತ ಸಾಗುವ ಹಳೆಯ ಲಾರಿಯೊಂದನ್ನು ನೆನೆಯೋಣ. ಹೊರಗಿನ ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿರುತ್ತದೆ. ಹಿಂದೆ ಹೇರಿದ ತೊಗರಿಯ ಮೂಟೆಗಳಿಗೆ ಅದರಿಂದ ಬಾಧೆಯಿಲ್ಲ, ಬಾಧೆಯೆಲ್ಲ ಚಾಲಕನಿಗೆ. ಇಂಥ ಅನೇಕ ಲಾರಿಗಳಲ್ಲಿ ಎಂಜಿನ್ನು ಅವನ ಮಗ್ಗುಲಲ್ಲಿಯೇ, ಒಂದು ತಗಡಿನ ಮುಚ್ಚಳದ ಕೆಳಗೆ ಇರುತ್ತದೆ. 2025ರ ಅಕ್ಟೋಬರ್ 1ರಿಂದೀಚೆಗೆ ತಯಾರಾಗುವ, 3.5 ಟನ್ನಿಗೂ ಮೀರಿದ ಒಟ್ಟು ತೂಕದ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಹಳೆಯವುಗಳಿಗೆ ಆ ಭಾಗ್ಯವಿಲ್ಲ.

ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಮಿಕ್ಕುದು ರೇಡಿಯೇಟರಿನ ನೀರು, ಹೊಗೆ ಮತ್ತು ಎಂಜಿನ್ನಿನ ಮೈಯ ಮೂಲಕ ಹೊರಬೀಳುತ್ತದೆ. ಮುಚ್ಚಳವು 90 ಡಿಗ್ರಿಗೆ ಕಾದಿದೆಯೆಂದು ಭಾವಿಸಿದರೆ, ಬಣ್ಣ ಬಳಿದ ತಗಡಿನ ಒಂದು ಚದರ ಮೀಟರಿನಿಂದ ಸುಮಾರು 400 ವಾಟಿನಷ್ಟು ಶಾಖ ವಿಕಿರಣದಿಂದಲೇ ಕ್ಯಾಬಿನ್ನನ್ನು ಸೇರುತ್ತದೆ. ಹೊಳಪುಳ್ಳ ಅಲ್ಯುಮಿನಿಯಂ ಹಾಳೆಯು ಶಾಖಕಿರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಕಳುಹಿಸಬಲ್ಲುದು. ಆದುದರಿಂದ ಮುಚ್ಚಳದ ಒಳಮೈಗೆ ಇಂಥ ಹಾಳೆಯುಳ್ಳ ಶಾಖನಿರೋಧಕವನ್ನು, ಹೊಳಪು ಎಂಜಿನ್ನಿಗೆ ಅಭಿಮುಖವಾಗುವಂತೆ ಹಚ್ಚುವುದು ಲೇಸು. ಆದರೆ ನಡುವೆ ಗಾಳಿಯ ತೆರಪು ಇರಲೇಬೇಕು. ಹಾಳೆ ಬಿಸಿಯ ಲೋಹಕ್ಕೆ ತಗುಲಿದರೆ ಶಾಖ ವಹನದಿಂದಲೇ ದಾಟಿಬಿಡುತ್ತದೆ. ಎಣ್ಣೆ, ಧೂಳು ಮೆತ್ತಿದ ಹಾಳೆಯಿಂದಲೂ ಪ್ರಯೋಜನ ಕಡಿಮೆ.

ಸದ್ದಿನ ವಿಷಯ ಇದಕ್ಕಿಂತ ತೊಡಕಿನದು. ಜಮ್‌ಶೆಡ್‌ಪುರದಲ್ಲಿ 1954ರಿಂದ ತಯಾರಾದ ಟಾಟಾ-ಮರ್ಸಿಡಿಸ್ ಲಾರಿಯದು ಆರು ಸಿಲಿಂಡರುಗಳ ಎಂಜಿನ್ನು. ಅದು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸ್ಫೋಟಗಳಾಗುತ್ತವೆ. ಅಷ್ಟು ಆವರ್ತನದ ಶಬ್ದದ ಅಲೆಯ ಉದ್ದ ಸುಮಾರು ಮೂರೂವರೆ ಮೀಟರು! ಬೆರಳು ದಪ್ಪದ ಕಂಬಳಿಯ ತುಂಡು ಅದನ್ನು ಹೀರಿಕೊಳ್ಳುವುದೆಂತು? ಕಂಬಳಿಯು ಕೀಚಲು ಸದ್ದನ್ನು ತಗ್ಗಿಸೀತು, ಅಷ್ಟೆ. ಗುಡುಗಿನಂಥ ಸದ್ದನ್ನು ತಡೆಯಲು ತೂಕ ಬೇಕು: ತಡೆಯ ತೂಕ ಇಮ್ಮಡಿಯಾದರೆ ಸ್ಥೂಲವಾಗಿ 6 ಡೆಸಿಬೆಲ್ ಇಳಿಯುತ್ತದೆ. ತಗಡಿಗೆ ಡಾಂಬರಿನ ಪಟ್ಟಿ ಅಂಟಿಸಿದರೆ ಅದರ ಅದಿರಾಟವೂ ಅಡಗುತ್ತದೆ.

ಇಷ್ಟೆಲ್ಲ ಮಾಡಿಯೂ ಪೆಡಲುಗಳ ಸುತ್ತಲಿನ, ಗೇರಿನ ಬುಡದ ಕಿಂಡಿಗಳನ್ನು ಮರೆತರೆ ಶ್ರಮ ವ್ಯರ್ಥ. ಗೋಡೆಯ ನೂರರಲ್ಲೊಂದು ಪಾಲು ತೆರೆದಿದ್ದರೆ, ಉಳಿದ ಭಾಗ ಎಷ್ಟೇ ದಪ್ಪವಿರಲಿ, ಸದ್ದು 20 ಡೆಸಿಬೆಲ್ಲಿಗಿಂತ ಹೆಚ್ಚು ಇಳಿಯದು. ದಿನಕ್ಕೆ ಎಂಟು ಗಂಟೆಗಳಂತೆ ವರ್ಷಗಟ್ಟಲೆ 85 ಡೆಸಿಬೆಲ್ಲಿಗೆ ಮೀರಿದ ಸದ್ದಿನಲ್ಲಿ ಕುಳಿತವನ ಕಿವಿಗೆ ಅಪಾಯವುಂಟು. ಹಾಗೆ ಕೆಟ್ಟ ಶ್ರವಣಶಕ್ತಿ ಮರಳುವುದಿಲ್ಲ. ಅದೇ ಕಿಂಡಿಗಳಲ್ಲಿ, ಹೊಗೆಕೊಳವೆ ಸೋರುತ್ತಿದ್ದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲವೂ ಒಳನುಗ್ಗುತ್ತದೆ. ಆದಕಾರಣ ಮೊದಲು ಕೊಳವೆಯ ಸೋರಿಕೆಯನ್ನು ಸರಿಪಡಿಸಿ, ಬಳಿಕ ರಬ್ಬರಿನಿಂದ ಕಿಂಡಿಗಳನ್ನು ಮುಚ್ಚಬೇಕು. ಎಂಜಿನ್ನಿನ ಬಿಸಿಗಾಳಿ ಕೆಳಗಿನಿಂದ ಹಿಂದಕ್ಕೆ ಹೋಗುವ ದಾರಿಯನ್ನು ಮಾತ್ರ ಕಟ್ಟಬಾರದು. ಮುಚ್ಚಳದಡಿಯಲ್ಲಿ ಗೋಣಿತಾಟು ತುರುಕುವುದಂತೂ ಸಲ್ಲದು; ಎಣ್ಣೆ ಕುಡಿದ ಗೋಣಿಗೆ ಬಿಸಿ ಹೊಗೆಕೊಳವೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.