ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ

ಹಣಕಾಸು ಅಧಿಕಾರಿ ಎಂಬುದು ಭಾರತದ ವಿಶ್ವವಿದ್ಯಾಲಯಗಳಲ್ಲಿ ಆಯವ್ಯಯದ ತಯಾರಿಕೆ, ಲೆಕ್ಕಪತ್ರಗಳ ನಿರ್ವಹಣೆ ಹಾಗೂ ನಿಧಿಗಳ ಮೇಲ್ವಿಚಾರಣೆಯ ಹೊಣೆ ಹೊತ್ತಿರುವ ಶಾಸನಬದ್ಧ ಹುದ್ದೆ. ಕುಲಪತಿ ಮತ್ತು ಕುಲಸಚಿವರ ಹುದ್ದೆಗಳಂತೆ ಇದೂ ವಿಶ್ವವಿದ್ಯಾಲಯದ ಅಧಿನಿಯಮದಲ್ಲಿಯೇ ಹೆಸರಿಸಲ್ಪಟ್ಟ ಹುದ್ದೆಯಾಗಿದೆ. ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ ಈ ಅಧಿಕಾರಿಯ ಪರಿಚಯವಿರುವುದು ಕಡಿಮೆ. ಆದರೆ ಸಂಶೋಧನಾ ವಿದ್ಯಾರ್ಥಿಯ ಶಿಷ್ಯವೇತನ, ಅತಿಥಿ ಉಪನ್ಯಾಸಕರ ಗೌರವಧನ, ಪ್ರಯೋಗಾಲಯದ ಉಪಕರಣ, ನಿವೃತ್ತರ ಪಿಂಚಣಿ ಇವೆಲ್ಲವೂ ಸಕಾಲಕ್ಕೆ ಕೈಸೇರುವುದು ಈ ಅಧಿಕಾರಿಯ ಕಚೇರಿಯ ಕೆಲಸವನ್ನು ಅವಲಂಬಿಸಿರುತ್ತದೆ.

ಶಾಸನಾತ್ಮಕ ಸ್ಥಾನ

ಕೇಂದ್ರೀಯ ವಿಶ್ವವಿದ್ಯಾಲಯಗಳ ಅಧಿನಿಯಮ, 2009ರ ಅಡಿಯಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳಲ್ಲಿ ಈ ಹುದ್ದೆಯ ಸ್ವರೂಪವು ಪರಿನಿಯಮಗಳಲ್ಲಿ ಸ್ಪಷ್ಟವಾಗಿ ನಿರೂಪಿತವಾಗಿದೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇವುಗಳಲ್ಲೊಂದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಂತಹ ಹಳೆಯ ಕೇಂದ್ರೀಯ ಸಂಸ್ಥೆಗಳಿಗೆ ಅವುಗಳದೇ ಆದ ಪ್ರತ್ಯೇಕ ಅಧಿನಿಯಮಗಳಿವೆ.

2009ರ ಅಧಿನಿಯಮದ ಪ್ರಕಾರ ಹಣಕಾಸು ಅಧಿಕಾರಿಯು ಪೂರ್ಣಾವಧಿಯ ವೇತನ ಪಡೆಯುವ ಅಧಿಕಾರಿ. ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ ಕಾರ್ಯಕಾರಿ ಪರಿಷತ್ತು ಇವರನ್ನು ಐದು ವರ್ಷಗಳ ಅವಧಿಗೆ ನೇಮಿಸುತ್ತದೆ. ಮರುನೇಮಕಕ್ಕೆ ಅವಕಾಶವಿದ್ದು, ನಿವೃತ್ತಿಯ ವಯಸ್ಸು 62 ವರ್ಷ. ವಿಶ್ವವಿದ್ಯಾಲಯಕ್ಕೆ ಸಲ್ಲಬೇಕಾದ ಹಣಕ್ಕೆ ಇವರು ಅಥವಾ ಕಾರ್ಯಕಾರಿ ಪರಿಷತ್ತಿನಿಂದ ಅಧಿಕಾರ ಪಡೆದವರು ಕೊಡುವ ರಸೀದಿಯೇ ಸಂದಾಯಕ್ಕೆ ಸಾಕಷ್ಟು ಪುರಾವೆ ಎಂದು ಪರಿನಿಯಮ ಹೇಳುತ್ತದೆ.

ಈ ಹುದ್ದೆಯ ಸ್ಥಾನವನ್ನು ಅರಿಯಲು ಪರಿನಿಯಮದ ಒಂದು ಸಣ್ಣ ಅಂಶ ನೆರವಾಗುತ್ತದೆ. ಹಣಕಾಸು ಅಧಿಕಾರಿಯು ಹಣಕಾಸು ಸಮಿತಿಯ ಪದನಿಮಿತ್ತ ಕಾರ್ಯದರ್ಶಿಯಾಗಿದ್ದರೂ ಆ ಸಮಿತಿಯ ಸದಸ್ಯರೆಂದು ಪರಿಗಣಿತರಾಗುವುದಿಲ್ಲ. ಕಾರ್ಯಸೂಚಿ ಸಿದ್ಧಪಡಿಸುವವರು, ಅಂಕಿಅಂಶಗಳನ್ನು ಮಂಡಿಸುವವರು, ನಡಾವಳಿಯನ್ನು ಬರೆಯುವವರು ಇವರೇ ಆದರೂ ತೀರ್ಮಾನ ಇತರರದು. ಹೀಗಾಗಿ ಇವರ ಪ್ರಭಾವವೆಲ್ಲವೂ ಕಡತದ ಟಿಪ್ಪಣಿಯಲ್ಲಿ ಅಡಗಿರುತ್ತದೆ.

ಕರ್ತವ್ಯಗಳು

ವಾರ್ಷಿಕ ಲೆಕ್ಕಪತ್ರ ಮತ್ತು ಆಯವ್ಯಯದ ತಯಾರಿಕೆಯು ಪ್ರಧಾನ ಕರ್ತವ್ಯ. ಅದರೊಂದಿಗೆ ನಗದು ಹಾಗೂ ಬ್ಯಾಂಕ್ ಶಿಲ್ಕುಗಳ ಮೇಲೆ ನಿರಂತರ ನಿಗಾ, ಹೂಡಿಕೆಗಳ ನಿರ್ವಹಣೆ, ಆದಾಯದ ವಸೂಲಿಯ ಪರಿಶೀಲನೆ, ಕಟ್ಟಡ, ಭೂಮಿ, ಪೀಠೋಪಕರಣ ಮತ್ತು ಉಪಕರಣಗಳ ವಹಿಗಳ ಪಾಲನೆ, ದಾಸ್ತಾನು ತಪಾಸಣೆ ಇವೂ ಸೇರುತ್ತವೆ. ಪರಿಷತ್ತು ನಿಗದಿಪಡಿಸಿದ ವೆಚ್ಚದ ಮಿತಿ ಮೀರದಂತೆಯೂ, ಯಾವ ಉದ್ದೇಶಕ್ಕೆ ಹಣ ಮಂಜೂರಾಗಿದೆಯೋ ಅದೇ ಉದ್ದೇಶಕ್ಕೆ ವಿನಿಯೋಗವಾಗುವಂತೆಯೂ ನೋಡಿಕೊಳ್ಳುವುದು ಇವರ ಹೊಣೆ.

ಅನಧಿಕೃತ ವೆಚ್ಚ ಅಥವಾ ಹಣಕಾಸಿನ ಅಕ್ರಮ ಕಂಡುಬಂದಲ್ಲಿ ಅದನ್ನು ಕುಲಪತಿಯವರ ಗಮನಕ್ಕೆ ತಂದು, ತಪ್ಪಿತಸ್ಥರ ವಿರುದ್ಧ ಕ್ರಮವನ್ನು ಸೂಚಿಸಬೇಕೆಂಬ ನಿಯಮವಿದೆ. ವ್ಯವಸ್ಥೆಯ ದುರ್ಬಲ ಕೊಂಡಿ ಇರುವುದು ಇಲ್ಲಿಯೇ. ದೊಡ್ಡ ಮೊತ್ತದ ವೆಚ್ಚಗಳಿಗೆ ಅನುಮೋದನೆ ನೀಡುವವರು ಬಹುಪಾಲು ಕುಲಪತಿಗಳೇ ಆಗಿರುವುದರಿಂದ, ಆಕ್ಷೇಪವು ಅನೇಕ ವೇಳೆ ಆಕ್ಷೇಪಕ್ಕೆ ಗುರಿಯಾದವರ ಮೇಜಿಗೇ ಹೋಗಿ ಸೇರುತ್ತದೆ. ಇದಕ್ಕೆ ಪರಿಹಾರವೆಂಬಂತೆ ಹಣಕಾಸು ಸಮಿತಿಯಲ್ಲಿ ಸಂದರ್ಶಕರು, ಅಂದರೆ ರಾಷ್ಟ್ರಪತಿಗಳು, ನಾಮನಿರ್ದೇಶನ ಮಾಡಿದ ಮೂವರು ಸದಸ್ಯರಿರುತ್ತಾರೆ. ನಿರ್ಣಯವನ್ನು ಒಪ್ಪದ ಯಾವುದೇ ಸದಸ್ಯರು ತಮ್ಮ ಭಿನ್ನಮತವನ್ನು ಲಿಖಿತವಾಗಿ ದಾಖಲಿಸಬಹುದು. ಸದಸ್ಯರಲ್ಲದ ಹಣಕಾಸು ಅಧಿಕಾರಿಗೆ ಆ ಹಕ್ಕಿಲ್ಲ. ನಿಯಮದಲ್ಲಿ ಅವಕಾಶವಿಲ್ಲವೆಂದು ಕಡತದಲ್ಲಿ ಬರೆದಿಡುವುದಷ್ಟೇ ಅವರ ಕೈಯಲ್ಲಿರುವ ಉಪಾಯ. ವರ್ಷಗಳ ನಂತರ ಲೆಕ್ಕ ಪರಿಶೋಧಕರು ಆ ಕಡತವನ್ನು ತೆರೆದಾಗ ಆ ಒಂದು ಸಾಲಿಗೆ ಬೆಲೆ ಬರುತ್ತದೆ.

ಆಯವ್ಯಯದ ವಾರ್ಷಿಕ ಕ್ರಮ

ವಿಶ್ವವಿದ್ಯಾಲಯದ ಆರ್ಥಿಕ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ. ಶೈಕ್ಷಣಿಕ ವರ್ಷ ಇದಕ್ಕೆ ಹೊಂದುವುದಿಲ್ಲ. ಪ್ರವೇಶ ಶುಲ್ಕ ವರ್ಷದ ಕೆಲವೇ ವಾರಗಳಲ್ಲಿ ಒಟ್ಟಿಗೆ ಬರುತ್ತದೆ, ಪರೀಕ್ಷಾ ಶುಲ್ಕ ಸೆಮಿಸ್ಟರಿಗೊಮ್ಮೆ ಬರುತ್ತದೆ. ವೇತನವನ್ನಾದರೋ ಪ್ರತಿ ತಿಂಗಳೂ ಕೊಡಬೇಕು. ಈ ಏರುಪೇರನ್ನು ಸರಿದೂಗಿಸುವುದೇ ಆಯವ್ಯಯ ಶಾಖೆಯ ವರ್ಷವಿಡೀ ನಡೆಯುವ ಕೆಲಸ.

ಮೊದಲಿಗೆ ಪ್ರತಿಯೊಂದು ವಿಭಾಗದಿಂದ ಬೇಡಿಕೆಗಳನ್ನು ತರಿಸಿಕೊಳ್ಳಲಾಗುತ್ತದೆ. ಹಿಂದಿನ ವರ್ಷದ ನೈಜ ವೆಚ್ಚ, ನಡೆಯುತ್ತಿರುವ ವರ್ಷದ ಪರಿಷ್ಕೃತ ಅಂದಾಜು ಮತ್ತು ಮುಂದಿನ ವರ್ಷದ ಆಯವ್ಯಯ ಅಂದಾಜು ಈ ಮೂರನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಇರಿಸಿ ಕರಡು ಸಿದ್ಧಪಡಿಸುತ್ತಾರೆ. ಕರಡು ಹಣಕಾಸು ಸಮಿತಿಯ ಅಭಿಪ್ರಾಯದೊಂದಿಗೆ ಕಾರ್ಯಕಾರಿ ಪರಿಷತ್ತಿನ ಮುಂದೆ ಬಂದು ಅನುಮೋದನೆ ಪಡೆಯುತ್ತದೆ. 2009ರ ಅಧಿನಿಯಮದಂತೆ ಹಣಕಾಸು ಸಮಿತಿಯು ವರ್ಷಕ್ಕೆ ಕನಿಷ್ಠ ಮೂರು ಬಾರಿ ಸೇರಬೇಕು. ಹೊಸ ಹುದ್ದೆಗಳ ಸೃಷ್ಟಿಗೆ ಸಂಬಂಧಿಸಿದ ಪ್ರಸ್ತಾವಗಳು ಪರಿಷತ್ತಿಗೆ ಹೋಗುವ ಮೊದಲು ಈ ಸಮಿತಿಯ ಪರಿಶೀಲನೆಗೆ ಒಳಪಡಲೇಬೇಕು.

ಲೆಕ್ಕಶೀರ್ಷಿಕೆಗಳ ಕಟ್ಟುಪಾಡು

ಕೇಂದ್ರದ ಸಹಾಯಾನುದಾನವು ಒಂದೇ ಗಂಟಾಗಿ ಬರುವುದಿಲ್ಲ. ಅದು ಸಾಮಾನ್ಯ ವೆಚ್ಚ (31), ಬಂಡವಾಳ ಆಸ್ತಿಗಳ ಸೃಷ್ಟಿ (35) ಮತ್ತು ವೇತನ (36) ಎಂಬ ಮೂರು ಶೀರ್ಷಿಕೆಗಳಲ್ಲಿ ವಿಂಗಡಣೆಯಾಗಿರುತ್ತದೆ. ಆವರಣದಲ್ಲಿರುವುದು ಸರ್ಕಾರಿ ಲೆಕ್ಕದ ಸಂಖ್ಯೆ. ಕಚೇರಿಗಳಲ್ಲಿ ಈ ಶೀರ್ಷಿಕೆಗಳನ್ನು ಸಂಖ್ಯೆಯಿಂದಲೇ ಗುರುತಿಸುವುದು ವಾಡಿಕೆ.

ಅಧ್ಯಾಪಕರಿಗೂ ಹಣಕಾಸು ಶಾಖೆಗೂ ನಡುವೆ ಉಂಟಾಗುವ ಮನಸ್ತಾಪಗಳಲ್ಲಿ ಹೆಚ್ಚಿನವು ಈ ವಿಂಗಡಣೆಯಿಂದಲೇ ಹುಟ್ಟುತ್ತವೆ. ಉದಾಹರಣೆಗೆ, ಸಸ್ಯಶಾಸ್ತ್ರ ವಿಭಾಗವೊಂದರಲ್ಲಿ ವಿದ್ಯುತ್ ಮತ್ತು ರಾಸಾಯನಿಕಗಳ ಬಾಬ್ತಿನಲ್ಲಿ ಹಣ ಉಳಿದಿದೆ, ಸೂಕ್ಷ್ಮದರ್ಶಕವೊಂದು ಕೆಟ್ಟಿದೆ ಎಂದಿಟ್ಟುಕೊಳ್ಳಬಹುದು. ಉಳಿದ ಹಣ 31ರದ್ದು, ಹೊಸ ಸೂಕ್ಷ್ಮದರ್ಶಕ 35ಕ್ಕೆ ಸೇರಿದ್ದು. ಅನುದಾನ ನೀಡಿದವರ ಒಪ್ಪಿಗೆಯಿಲ್ಲದೆ ಒಂದರ ಹಣವನ್ನು ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ಹಣವಿದ್ದೂ ಇಲ್ಲವೆನ್ನುತ್ತಾರೆ ಎಂಬ ದೂರು ವಿಭಾಗದಿಂದ ಬರುತ್ತದೆ. ಆದರೆ ದುರಸ್ತಿಯ ವೆಚ್ಚ ಸಾಮಾನ್ಯವಾಗಿ 31ರಲ್ಲಿ ಬರುತ್ತದೆ. ಇದನ್ನು ತಾನಾಗಿಯೇ ಸೂಚಿಸುವ ಗುಮಾಸ್ತರಿದ್ದರೆ ಆ ವರ್ಷದ ಪ್ರಾಯೋಗಿಕ ತರಗತಿಗಳು ನಿಲ್ಲುವುದಿಲ್ಲ. ನಿಯಮ ಬಲ್ಲ ಸಿಬ್ಬಂದಿಗೂ ನಿಯಮವನ್ನು ತೋರಿಸಿ ಕಡತ ಹಿಂದಿರುಗಿಸುವ ಸಿಬ್ಬಂದಿಗೂ ಇರುವ ವ್ಯತ್ಯಾಸ ಇಂತಹ ಕಡೆ ಕಾಣುತ್ತದೆ.

ಬಂಡವಾಳ ವೆಚ್ಚದಲ್ಲಿ 2017ರಿಂದ ಮತ್ತೊಂದು ಬದಲಾವಣೆಯಾಗಿದೆ. ಆ ವರ್ಷ ಕೇಂದ್ರ ಸರ್ಕಾರ ಮತ್ತು ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಕೆನರಾ ಬ್ಯಾಂಕ್ ಜಂಟಿಯಾಗಿ ಸ್ಥಾಪಿಸಿದ ಉನ್ನತ ಶಿಕ್ಷಣ ಹಣಕಾಸು ಸಂಸ್ಥೆ (ಹೆಫಾ) ಕಟ್ಟಡ ಮತ್ತು ಪ್ರಯೋಗಾಲಯಗಳಿಗೆ ಸಾಲ ಒದಗಿಸುತ್ತದೆ. ಅಸಲಿನಲ್ಲಿ ವಿಶ್ವವಿದ್ಯಾಲಯ ತನ್ನ ಆಂತರಿಕ ಆದಾಯದಿಂದ ಭರಿಸಬೇಕಾದ ಪಾಲು ಸಂಸ್ಥೆಯ ವರ್ಗವನ್ನು ಅವಲಂಬಿಸಿದೆ. ಹಿಂದೆ ಅನುದಾನದ ಲೆಕ್ಕ ಮಾತ್ರ ಇಡುತ್ತಿದ್ದ ಶಾಖೆಗಳು ಈಗ ಮರುಪಾವತಿಯ ಕಂತುಗಳನ್ನೂ ವರ್ಷಗಳ ಮುಂಚೆಯೇ ಅಂದಾಜು ಮಾಡಬೇಕಾಗಿದೆ.

ಅರ್ಹತೆಗಳು

ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನದಂಡದಂತೆ ಹಣಕಾಸು ಅಧಿಕಾರಿಯ ಹುದ್ದೆಗೆ ಕನಿಷ್ಠ ಶೇಕಡಾ 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ ಬೇಕು. ಅನುಭವದ ವಿಷಯದಲ್ಲಿ ಪರ್ಯಾಯಗಳಿವೆ: ನಿಗದಿತ ವೇತನ ಹಂತಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ 15 ವರ್ಷ ಅಥವಾ ಸಹ ಪ್ರಾಧ್ಯಾಪಕರಾಗಿ 8 ವರ್ಷಗಳ ಸೇವೆಯೊಂದಿಗೆ ಶೈಕ್ಷಣಿಕ ಆಡಳಿತದ ಅನುಭವ, ಸಂಶೋಧನಾ ಸಂಸ್ಥೆ ಅಥವಾ ಇತರ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ತತ್ಸಮಾನ ಅನುಭವ, ಇಲ್ಲವೇ 15 ವರ್ಷಗಳ ಆಡಳಿತಾನುಭವ, ಅದರಲ್ಲಿ 8 ವರ್ಷ ಉಪಕುಲಸಚಿವ ಅಥವಾ ಸಮಾನ ಹುದ್ದೆಯಲ್ಲಿ. ಏಳನೆಯ ವೇತನ ಆಯೋಗದ ಪ್ರಕಾರ ಈ ಹುದ್ದೆ 14ನೆಯ ಹಂತದಲ್ಲಿದ್ದು, ವೇತನ ಶ್ರೇಣಿ ರೂ. 1,44,200ರಿಂದ 2,18,200.

ಕುಲಸಚಿವರಿಗೂ ಪರೀಕ್ಷಾ ನಿಯಂತ್ರಕರಿಗೂ ಇರುವ ಕನಿಷ್ಠ ಅರ್ಹತೆಗಳು ಇವೇ. ವಾಣಿಜ್ಯಶಾಸ್ತ್ರದ ಪದವಿಯಾಗಲಿ ಲೆಕ್ಕಶಾಸ್ತ್ರದ ಪರೀಕ್ಷೆಯಾಗಲಿ ಇವುಗಳಲ್ಲಿ ಕಡ್ಡಾಯವಾಗಿಲ್ಲ. ಇತಿಹಾಸ ಅಥವಾ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರೂ ಅರ್ಜಿ ಹಾಕಬಹುದು. ಈ ಕೊರತೆಯನ್ನು ವಿಶ್ವವಿದ್ಯಾಲಯಗಳು ಎರಡು ಬಗೆಯಲ್ಲಿ ತುಂಬಿಕೊಳ್ಳುತ್ತವೆ. ಕೆಲವು ಸಂಸ್ಥೆಗಳು ಜಾಹೀರಾತಿನಲ್ಲಿ ಸನ್ನದು ಲೆಕ್ಕಪರಿಶೋಧಕರ ಅಥವಾ ವೆಚ್ಚ ಲೆಕ್ಕಿಗರ ಅರ್ಹತೆಯನ್ನು ಅಪೇಕ್ಷಣೀಯವೆಂದು ಸೇರಿಸುತ್ತವೆ. ಉಳಿದವು ಸರ್ಕಾರದ ಲೆಕ್ಕಪತ್ರ ಸೇವೆಗಳಿಂದ ನಿಯೋಜನೆಯ ಮೇಲೆ ಅಧಿಕಾರಿಗಳನ್ನು ಕರೆತರುತ್ತವೆ. ಆಂತರಿಕ ಲೆಕ್ಕ ಪರಿಶೋಧನಾಧಿಕಾರಿಯ ಹುದ್ದೆಯನ್ನಂತೂ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಿಯೋಜನೆಯಿಂದಲೇ ತುಂಬುವುದು ರೂಢಿ.

ಇವರ ಕೆಳಗಿನ ಸಹಾಯಕ ಕುಲಸಚಿವರ ಹುದ್ದೆ 10ನೆಯ ಹಂತದಲ್ಲಿಯೂ ಉಪಕುಲಸಚಿವರ ಹುದ್ದೆ 12ನೆಯ ಹಂತದಲ್ಲಿಯೂ ಇವೆ. ಎರಡಕ್ಕೂ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ ಬೇಕು. ಸಹಾಯಕ ಕುಲಸಚಿವರಾಗಿ ಐದು ವರ್ಷ ಆಡಳಿತ ನಡೆಸಿದವರು ಉಪಕುಲಸಚಿವರ ಹುದ್ದೆಗೆ ಅರ್ಹರಾಗುತ್ತಾರೆ. ಶಾಖಾಧಿಕಾರಿ, ಸಹಾಯಕ ಮತ್ತು ಗುಮಾಸ್ತರ ಹುದ್ದೆಗಳು ಇನ್ನೂ ಕೆಳಗಿನವು.

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಹಣಕಾಸು ಅಧಿಕಾರಿಯನ್ನು ವಿಶ್ವವಿದ್ಯಾಲಯದ ಅಧಿಕಾರಿಗಳಲ್ಲಿ ಒಬ್ಬರೆಂದು ಹೆಸರಿಸಿದೆ. ಕೇಂದ್ರದಲ್ಲಿ ಕಾರ್ಯಕಾರಿ ಪರಿಷತ್ತು ಮಾಡುವ ಕೆಲಸವನ್ನು ಇಲ್ಲಿ ಸಿಂಡಿಕೇಟ್ ಮಾಡುತ್ತದೆ. ಸಾಮಾನ್ಯವಾಗಿ ರಾಜ್ಯದ ಲೆಕ್ಕಪತ್ರ ಸೇವೆಯ ಅಧಿಕಾರಿಗಳನ್ನು ಸರ್ಕಾರ ಈ ಹುದ್ದೆಗೆ ನಿಯೋಜಿಸುತ್ತದೆ. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆಯ ಮೂಲಕ ಸಹಾಯಕ ನಿಯಂತ್ರಕರಾಗಿ ಸೇವೆಗೆ ಸೇರಿ ಬಡ್ತಿ ಪಡೆದವರೂ ಇವರಲ್ಲಿರುತ್ತಾರೆ. ನಿಯೋಜನೆಯ ಮೇಲೆ ಬಂದ ಅಧಿಕಾರಿಯ ಬಡ್ತಿ ಕುಲಪತಿಯವರ ಕೈಯಲ್ಲಿರುವುದಿಲ್ಲವಾದ್ದರಿಂದ ಆಕ್ಷೇಪ ಬರೆಯಲು ಧೈರ್ಯ ಹೆಚ್ಚು. ಇನ್ನೊಂದೆಡೆ, ವಿಶ್ವವಿದ್ಯಾಲಯದ ಕ್ರಮಗಳನ್ನು ಅರಿತುಕೊಳ್ಳುವಷ್ಟರಲ್ಲಿ ವರ್ಗಾವಣೆಯ ಆದೇಶ ಬರುವುದೂ ಉಂಟು. ಹುದ್ದೆ ಖಾಲಿಯಾದಾಗ ಪ್ರಾಧ್ಯಾಪಕರೊಬ್ಬರಿಗೆ ಪ್ರಭಾರ ವಹಿಸುವ ಪದ್ಧತಿಯೂ ಇದೆ.

ಕೆಳಹಂತದಲ್ಲಿ ದಿನನಿತ್ಯದ ಕೆಲಸ ನಡೆಸುವವರು ಅಧೀಕ್ಷಕರು, ಪ್ರಥಮ ದರ್ಜೆ ಸಹಾಯಕರು ಮತ್ತು ದ್ವಿತೀಯ ದರ್ಜೆ ಸಹಾಯಕರು. ಪ್ರಥಮ ದರ್ಜೆಗೆ ಪದವಿಯೂ ದ್ವಿತೀಯ ದರ್ಜೆಗೆ ಪಿಯುಸಿಯೂ ಸಾಮಾನ್ಯ ಅರ್ಹತೆ. ಬಿಲ್ಲಿನ ಪರಿಶೀಲನೆ, ನಗದು ಪುಸ್ತಕ, ವೋಚರುಗಳ ಜೋಡಣೆ, ಮುಂಗಡಗಳ ಹೊಂದಾಣಿಕೆ ಇವು ಯಾವ ಪದವಿಯಲ್ಲಿಯೂ ಕಲಿಸದ ವಿದ್ಯೆಗಳು. ಹಿರಿಯ ಸಹಾಯಕರ ಪಕ್ಕದಲ್ಲಿ ಕುಳಿತೇ ಇವನ್ನು ಕಲಿಯಬೇಕು. ಹುದ್ದೆಗಳು ಬಹುಕಾಲ ಖಾಲಿ ಉಳಿದರೆ ಕಲಿಸುವವರು ನಿವೃತ್ತರಾಗಿ ಹೋಗುತ್ತಾರೆ, ಕಲಿಯಬೇಕಾದವರು ಬಂದಿರುವುದೇ ಇಲ್ಲ.

ಸಂಯೋಜಿತ ಕಾಲೇಜುಗಳಿಂದ ಬರುವ ಸಂಯೋಜನೆ ಮತ್ತು ಪರೀಕ್ಷಾ ಶುಲ್ಕಗಳು ರಾಜ್ಯ ವಿಶ್ವವಿದ್ಯಾಲಯಗಳ ಸ್ವಂತ ಆದಾಯದ ಮುಖ್ಯ ಮೂಲ. ಹೀಗಾಗಿ ವಿಶ್ವವಿದ್ಯಾಲಯವೊಂದು ವಿಭಜನೆಯಾದಾಗ ಆಯವ್ಯಯದ ಲೆಕ್ಕವೇ ಬದಲಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯವು 2017ರಲ್ಲಿ ಮೂರಾಗಿ ವಿಭಾಗವಾಯಿತು. ಇಂತಹ ವಿಭಜನೆಯಲ್ಲಿ ಕಾಲೇಜುಗಳೊಂದಿಗೆ ಅವುಗಳ ಶುಲ್ಕವೂ ಹೊಸ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ದಶಕಗಳ ಕಾಲ ದುಡಿದು ನಿವೃತ್ತರಾದವರು ಮಾತ್ರ ಹಳೆಯ ಸಂಸ್ಥೆಯ ಪಿಂಚಣಿ ಪಟ್ಟಿಯಲ್ಲಿಯೇ ಉಳಿಯುತ್ತಾರೆ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದಂತಹ ಹಳೆಯ ಸಂಸ್ಥೆಗಳಲ್ಲಿ ಪಿಂಚಣಿಯ ಬಾಬ್ತು ಆಯವ್ಯಯದ ದೊಡ್ಡ ಚಿಂತೆಯಾಗಿರುವುದಕ್ಕೆ ದೀರ್ಘ ಇತಿಹಾಸವೂ ಒಂದು ಕಾರಣ.

ಲೆಕ್ಕ ಪರಿಶೋಧನೆ

2009ರ ಅಧಿನಿಯಮದಡಿಯ ವಿಶ್ವವಿದ್ಯಾಲಯಗಳ ಲೆಕ್ಕಪತ್ರಗಳನ್ನು ಭಾರತದ ಮಹಾಲೇಖಪಾಲರು ವರ್ಷಕ್ಕೆ ಒಮ್ಮೆಯಾದರೂ, ಹದಿನೈದು ತಿಂಗಳು ಮೀರದ ಅಂತರದಲ್ಲಿ ಪರಿಶೋಧಿಸಬೇಕು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರ ವೇಳಾಪಟ್ಟಿಯಂತೆ ಅನುಮೋದಿತ ಲೆಕ್ಕಪತ್ರಗಳು ಜೂನ್ 30ರೊಳಗೆ ಪರಿಶೋಧನೆಗೆ ಸಿದ್ಧವಾಗಬೇಕು. ಅಕ್ಟೋಬರ್ 31ರೊಳಗೆ ಪರಿಶೋಧನಾ ವರದಿ ಹೊರಬಂದು, ಡಿಸೆಂಬರ್ 31ರೊಳಗೆ ಸಂಸತ್ತಿನ ಮುಂದಿರಿಸಲು ಸಚಿವಾಲಯವನ್ನು ತಲುಪಬೇಕು.

ನಿರ್ದಿಷ್ಟ ಉದ್ದೇಶಕ್ಕೆ ಪಡೆದ ಅನುದಾನಕ್ಕೆ ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಹಣಬಳಕೆ ಪ್ರಮಾಣಪತ್ರ ಸಲ್ಲಿಸಬೇಕು. ಇದು ಬಾಕಿಯಿದ್ದರೆ ಮುಂದಿನ ಕಂತು ಬರುವುದು ಕಷ್ಟ. ಸಂಶೋಧನಾ ಯೋಜನೆಗಳಲ್ಲಿ ಇದರ ಬಿಸಿ ಮೊದಲು ತಟ್ಟುವುದು ಯೋಜನೆಯಲ್ಲಿ ದುಡಿಯುವ ಕಿರಿಯ ಸಂಶೋಧಕರಿಗೆ. ಪ್ರಧಾನ ಸಂಶೋಧಕರು ಪ್ರವಾಸದ ಮುಂಗಡಕ್ಕೆ ಲೆಕ್ಕ ಕೊಡದಿದ್ದರೆ ಪ್ರಮಾಣಪತ್ರ ತಡವಾಗುತ್ತದೆ, ಪ್ರಮಾಣಪತ್ರ ತಡವಾದರೆ ಶಿಷ್ಯವೇತನ ನಿಲ್ಲುತ್ತದೆ. ಆದ್ದರಿಂದ ಹಳೆಯ ಮುಂಗಡ ಇತ್ಯರ್ಥವಾಗದೆ ಹೊಸ ಮುಂಗಡ ಕೊಡಬಾರದೆಂಬ ಕಟ್ಟುನಿಟ್ಟನ್ನು ಶಾಖೆಗಳು ಸಾಮಾನ್ಯವಾಗಿ ಪಾಲಿಸುತ್ತವೆ.